ತಕ್ಕಡಿ ಟೆಸ್ಟ್ ಒಂದು ಕಂಪ್ಯೂಟರಲ್ಲೂ ಓಡ್ತಿರಲಿಲ್ಲ, ಆದ್ರೂ ಎಲ್ಲಾ ಕಡೆ ಹಸಿರು

ರಾಶಿ_ಇಡಿ (ಶಿವಮೊಗ್ಗ), ಶನಿವಾರ ಬೆಳಗ್ಗೆ 10:12

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡೇ ಓದಿ.

ನಾವು ನಾಲ್ಕು ಜನ ಸೇರಿ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡ್ತೀವಿ. ಚೀಲ ತಕ್ಕಡಿ ಮೇಲೆ ಇಟ್ರೆ ತೂಕ ಸೀರಿಯಲ್ ಕೇಬಲ್ಲಲ್ಲಿ ಕಂಪ್ಯೂಟರಿಗೆ ಬರುತ್ತೆ. ಮಾಲು ರಾಶಿನಾ, ಬೆಟ್ಟೆನಾ, ಗೊರಬಲಾ ಅಂತ ಗುಮಾಸ್ತರು ಆರಿಸ್ತಾರೆ, ಚೀಟಿ ಪ್ರಿಂಟ್ ಆಗುತ್ತೆ. ಕೋಡ್ ಪೈಥಾನ್ ಭಾಷೆಯಲ್ಲಿ, ಅದು ಸರಿಯಾಗಿ ಓಡುತ್ತಾ ಅಂತ ಪರೀಕ್ಷಿಸೋಕೆ ಪೈಟೆಸ್ಟ್ ಅನ್ನೋ ಟೂಲ್. ಟೆಸ್ಟ್ ಪಾಸಾದ್ರೆ ಹಸಿರು, ಫೇಲಾದ್ರೆ ಕೆಂಪು. ನಮ್ಮ ಲ್ಯಾಪ್‌ಟಾಪಲ್ಲಿ ಎರಡು ಉಬುಂಟು, ಒಂದು ವಿಂಡೋಸ್, ಒಂದು ಮ್ಯಾಕ್. ಮಂಡಿ ಕಂಪ್ಯೂಟರೆಲ್ಲಾ ವಿಂಡೋಸ್. ಕೋಡನ್ನ ಗಿಟ್‌ಹಬ್ಬಿಗೆ ಪುಶ್ ಮಾಡಿದ್ರೆ, ಅಂದ್ರೆ ಕಳಿಸಿದ್ರೆ, ಅಲ್ಲಿನ ಆಕ್ಷನ್ಸ್ ಅನ್ನೋ ಸೇವೆ ತಾನೇ ಲಿನಕ್ಸ್ ಮೇಲೆ ಟೆಸ್ಟ್ ಓಡಿಸುತ್ತೆ. ಇಂಥದ್ದಕ್ಕೇ ಸಿಐ ಅನ್ನೋದು. ಇಷ್ಟು ಸಾಲದು ಅಂತ ಆಫೀಸಿನ ಮೂಲೆಯಲ್ಲಿ ನಿಜವಾದ ತಕ್ಕಡಿ ಕಟ್ಟಿದ ಹಳೇ ವಿಂಡೋಸ್ ಪಿಸಿ ಒಂದಿದೆ. ಅದಕ್ಕೆ ನಾವು ಇಟ್ಟ ಹೆಸರೇ ಮೂಲೆ ಪಿಸಿ.

ಹೋದ ತಿಂಗಳು ಒಂದು ಮಂಡಿಯವರು ತಕ್ಕಡಿ ಬದಲಾಯಿಸಿದ್ರು. ಹೊಸದು ತೂಕದ ಮುಂದೆ ಎರಡಕ್ಷರ ಸೇರಿಸಿ ಕಳಿಸುತ್ತೆ. ಎಸ್‌ಟಿ ಅಂದ್ರೆ ತೂಕ ನಿಂತಿದೆ, ಯುಎಸ್ ಅಂದ್ರೆ ಇನ್ನೂ ಅಲ್ಲಾಡ್ತಿದೆ. ನಮ್ಮ ಕೋಡ್ ಅಕ್ಷರ ಎಲ್ಲಾ ಕಿತ್ತು ಹಾಕಿ ಬರೀ ಅಂಕಿ ತಗೊಳ್ತಿತ್ತು. ಹಮಾಲರು ಚೀಲ ಇಟ್ಟು ಕೈ ತೆಗೆಯೋ ಮೊದಲೇ ಬಂದ ತೂಕವೂ ಚೀಟಿಗೆ ಹೋಯ್ತು. ಮನೇಲಿ ತೂಗಿಕೊಂಡೇ ಬಂದಿದ್ದ ಹಿರಿಯರೊಬ್ಬರು ಚೀಟಿ ನೋಡಿ, "ಎಂತದು ಮಾರಾಯ, ಹೊಸನಗರದಿಂದ ಇಲ್ಲಿಗೆ ಬರೋದ್ರೊಳಗೆ ಮೂರು ಕೆಜಿ ಒಣಗೋಯ್ತಾ?" ಅಂತ ಕೇಳಿದ್ರಂತೆ. ಕ್ವಿಂಟಾಲಿಗೆ ಐವತ್ತು ಸಾವಿರ ಅಂತ ಹಿಡಿದ್ರೂ ಒಂದು ಚೀಲಕ್ಕೆ ಒಂದೂವರೆ ಸಾವಿರ. ಮಂಡಿಯವರು ಮತ್ತೆ ತೂಗಿ ಲೆಕ್ಕ ಸರಿಮಾಡಿದ್ರು. ನನಗೆ ಫೋನಲ್ಲಿ ಸಿಕ್ಕಿದ್ದನ್ನ ಇಲ್ಲಿ ಬರೆಯಲ್ಲ.

ಹೊಟ್ಟೆ ಉರಿಯೋ ವಿಷಯ ಅದಲ್ಲ. ಇದಕ್ಕೆ ಟೆಸ್ಟ್ ಇತ್ತು. ಹೊಸ ತಕ್ಕಡಿ ಬರುತ್ತೆ ಅಂತ ಗೊತ್ತಾದಾಗಲೇ ಅದೇ ಮಾಡೆಲ್ ತರಿಸಿ ಮೂಲೆ ಪಿಸಿಗೆ ಕಟ್ಟಿ, "ಅಲ್ಲಾಡುವಾಗಿನ ತೂಕ ತಗೋಬಾರದು" ಅಂತ ಟೆಸ್ಟ್ ಬರೆದು ಓಡಿಸಿದ್ವಿ. ಹಸಿರು ಬಂತು. ಮನೆಗೆ ಹೋದ್ವಿ.

ನಿನ್ನೆ ರಾತ್ರಿ ಕೂತು ನೋಡಿದೆ. ತಕ್ಕಡಿ ಫಿಕ್ಸ್ಚರಲ್ಲಿ, ಅಂದ್ರೆ ಟೆಸ್ಟಿಗೆ ಮೊದಲು ತಕ್ಕಡಿ ಸಿದ್ಧ ಮಾಡೋ ಕೋಡಲ್ಲಿ, ಎರಡು ಷರತ್ತು. ಸಿಐ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ (ಕಂಪ್ಯೂಟರಲ್ಲಿ ಹೆಸರು ಕೊಟ್ಟು ಇಡೋ ಸೆಟ್ಟಿಂಗ್) ಇದ್ರೆ ಸ್ಕಿಪ್, ಅಂದ್ರೆ ಟೆಸ್ಟ್ ಓಡಿಸದೆ ಬಿಡೋದು. ಸೀರಿಯಲ್ ಪೋರ್ಟ್ ತೆರೆಯಲಿಲ್ಲ ಅಂದ್ರೂ ಸ್ಕಿಪ್. ಗಿಟ್‌ಹಬ್ ತಾನೇ ಸಿಐ=ಟ್ರೂ ಅಂತ ಇಡುತ್ತೆ, ಅಲ್ಲಿ ಸ್ಕಿಪ್. ಲ್ಯಾಪ್‌ಟಾಪಲ್ಲಿ ಪೋರ್ಟ್ ಇಲ್ಲ, ಅಲ್ಲೂ ಸ್ಕಿಪ್. ಮೂಲೆ ಪಿಸಿಯಲ್ಲಿ ಮಾತ್ರ ಓಡಬೇಕು. ಆದ್ರೆ ಅಲ್ಲಿ ಯಾರೋ ಒಬ್ರು ಬುದ್ಧಿವಂತರು, ಇದು ಸಿಐ ಅಲ್ಲ ಅಂತ ಸ್ಪಷ್ಟವಾಗಿರಲಿ ಅಂತ, ಸಿಐ=ಫಾಲ್ಸ್ ಅಂತ ಬರೆದಿಟ್ಟಿದ್ರು.

ಪೈಥಾನಿಗೆ ಅದು ಬರೀ ಇಂಗ್ಲಿಷಿನ ಐದಕ್ಷರದ ಸ್ಟ್ರಿಂಗ್, ಅಕ್ಷರಗಳ ಸಾಲು ಅಷ್ಟೇ. ಖಾಲಿ ಅಲ್ಲ ಅಂದಮೇಲೆ ಅದು ಟ್ರೂ. ಸ್ಕಿಪ್.

ಆ ಬುದ್ಧಿವಂತ ನಾನೇ.

ಕೊನೆ ಸಾಲಲ್ಲಿ ದಿನಾ "214 ಪಾಸ್, 19 ಸ್ಕಿಪ್" ಅಂತ ಹಸಿರಲ್ಲೇ ಬರ್ತಿತ್ತು. ಆ 19ರಲ್ಲಿ 18 ತಕ್ಕಡಿದು, ಒಂದು ಪ್ರಿಂಟರ್‌ದು. ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗೋಗಿತ್ತು. ಒಂದೊಂದು ಜಾಗದಲ್ಲಿ ಒಂದೊಂದು ಟೆಸ್ಟ್ ಓಡಬೇಕು ಅನ್ನೋದನ್ನ ನೀವೆಲ್ಲ ಹೇಗೆ ಸಂಭಾಳಿಸ್ತೀರಿ?

ಆಗುಂಬೆ_ಮಳೆ, 10:31

ಐದಕ್ಷರಕ್ಕೆ ಮೂರು ಕೆಜಿ. ದುಬಾರಿ ಅಕ್ಷರ ಗುರು.

ನಾನು ಗೋ ಭಾಷೆಯಲ್ಲಿ ಕೋಡ್ ಬರೆಯೋದು. ಅಲ್ಲಿ ಕಥೆ ಇನ್ನೂ ಚಂದ. ವಿವರ ತೋರಿಸು ಅನ್ನೋ ವರ್ಬೋಸ್ ಫ್ಲ್ಯಾಗ್ ಕೊಡದೆ ಗೋ ಟೆಸ್ಟ್ ಓಡಿಸಿದ್ರೆ ಸ್ಕಿಪ್ ಆಗಿದ್ದೇ ಕಾಣಲ್ಲ, ಪ್ಯಾಕೇಜ್ ಹೆಸರಿನ ಮುಂದೆ ಓಕೆ ಅಂತ ಬರುತ್ತೆ ಅಷ್ಟೇ. ನಿಮಗೆ 19 ಅಂತ ಸಂಖ್ಯೆಯಾದ್ರೂ ಕಾಣ್ತಿತ್ತಲ್ಲ.

ಹೊಳೆದಡ (ತೀರ್ಥಹಳ್ಳಿ, ಸದ್ಯ ಮನೆಯಿಂದಲೇ ಕೆಲಸ), 10:58

ಜಾವಾದವರಿಗೆ ಈ ಫಾಲ್ಸ್ ಗುಂಡಿಯಲ್ಲಿ ಬೀಳೋದು ಸ್ವಲ್ಪ ಕಷ್ಟ. ಜಾವಾದ ಟೆಸ್ಟ್ ಟೂಲ್ ಜೆಯೂನಿಟ್ 5ರಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ ನೋಡಿ ಟೆಸ್ಟ್ ಚಾಲೂ ಮಾಡೋ ಆನೋಟೇಶನ್ (ಟೆಸ್ಟಿನ ಮೇಲೆ ಬರೆಯೋ ಗುರುತು) ಇದೆ. ಅದಕ್ಕೆ ವೇರಿಯಬಲ್ ಹೆಸರು ಕೊಟ್ರೆ ಸಾಲದು, ಬೆಲೆ ಯಾವ ಪ್ಯಾಟರ್ನಿಗೆ ಹೊಂದಬೇಕು ಅಂತಲೂ ಹೇಳಬೇಕು. ಟ್ರೂ ಅಂತ ಕೊಟ್ರೆ ಫಾಲ್ಸ್ ಹೊಂದಲ್ಲ. ಓಎಸ್ ನೋಡೋದಕ್ಕೆ, ಜಾವಾ ವರ್ಶನ್ ನೋಡೋದಕ್ಕೆ ಬೇರೆ ಬೇರೆ ಇವೆ. ಓಡ್ತಾ ಓಡ್ತಾ ನಿರ್ಧಾರ ಮಾಡ್ಬೇಕು ಅಂದ್ರೆ ಅಸಂಪ್ಶನ್ಸ್ ಅಂತ ಇದೆ.

ತಮಾಷೆ ಅಂದ್ರೆ, ನೀವು ಫಿಕ್ಸ್ಚರ್ ಬಿಟ್ಟು ಸ್ಕಿಪ್‌ಇಫ್ ಮಾರ್ಕರಿಗೇ (ಷರತ್ತು ನಿಜ ಆದ್ರೆ ಟೆಸ್ಟ್ ಬಿಡು ಅನ್ನೋ ಪೈಟೆಸ್ಟಿನ ಗುರುತು) ಆ ಬೆಲೆಯನ್ನ ನೇರ ಕೊಟ್ಟಿದ್ರೆ ಬಚಾವ್ ಆಗ್ತಿದ್ರಿ. ಸ್ಕಿಪ್‌ಇಫ್‌ಗೆ ಸ್ಟ್ರಿಂಗ್ ಕೊಟ್ರೆ ಪೈಟೆಸ್ಟ್ ಅದನ್ನ ಪೈಥಾನ್ ಎಕ್ಸ್‌ಪ್ರೆಶನ್ ಅಂತ ಲೆಕ್ಕ ಹಾಕೋಕೆ ಹೋಗುತ್ತೆ. ಸಣ್ಣಕ್ಷರದ ಫಾಲ್ಸ್ ಅನ್ನೋ ಹೆಸರು ಪೈಥಾನಲ್ಲಿ ಇಲ್ವಲ್ಲ, ಮೊದಲ ದಿನವೇ ಕೆಂಪಾಗ್ತಿತ್ತು.

ರಾಶಿ_ಇಡಿ, 11:05

ತಪ್ಪು ಮಾಡೋದ್ರಲ್ಲೂ ಅದೃಷ್ಟ ಬೇಕು ಅಂತಾಯ್ತು.

ಕೊಪ್ಪದಕ್ಕ, 12:20

ಹನ್ನೆರಡು ವರ್ಷದಿಂದ ಟೆಸ್ಟಿಂಗೇ ನನ್ನ ಅನ್ನ. ಹಾಗಾಗಿ ಸ್ವಲ್ಪ ಜೋರಾಗಿ ಹೇಳಿದ್ರೆ ಬೇಜಾರು ಮಾಡ್ಕೋಬೇಡಿ.

ಆ ಫಾಲ್ಸ್ ಸ್ಟ್ರಿಂಗ್ ವಿಷಯ ಬಿಡಿ, ಅದು ಒಂದು ಸಾಲಿನ ತಪ್ಪು. ಅದನ್ನ ಸರಿ ಮಾಡಿದ ಮೇಲೂ ನಿಮ್ಮ ಫಿಕ್ಸ್ಚರ್ ತಪ್ಪೇ. ನೀವು ಕೇಳ್ತಿರೋದು "ಇದು ಯಾರ ಮನೆ?" ಅಂತ. ಕೇಳಬೇಕಾಗಿದ್ದು "ಈ ಮನೇಲಿ ತಕ್ಕಡಿ ಉಂಟಾ?" ಅಂತ. ಸಿಐ ಅಂದಮಾತ್ರಕ್ಕೆ ತಕ್ಕಡಿ ಇಲ್ಲ ಅಂತ ಎಂತಕ್ಕೆ ಅಂದ್ಕೊಂಡ್ರಿ? ನಾಳೆ ಮೂಲೆ ಪಿಸಿಯನ್ನೇ ಗಿಟ್‌ಹಬ್ಬಿಗೆ ಸ್ವಂತ ರನ್ನರ್ (ಟೆಸ್ಟ್ ಓಡಿಸೋ ಕಂಪ್ಯೂಟರ್) ಅಂತ ಸೇರಿಸಿದ್ರೆ ಅಲ್ಲೂ ಸಿಐ=ಟ್ರೂ ಬರುತ್ತೆ, ತಕ್ಕಡಿ ಪಕ್ಕದಲ್ಲೇ ಕೂತಿರುತ್ತೆ, ಟೆಸ್ಟ್ ಮಾತ್ರ ಸ್ಕಿಪ್. ಮೊದಲ ಷರತ್ತು ಪೂರ್ತಿ ತೆಗೀರಿ.

ಇನ್ನೊಂದು. 18 ಟೆಸ್ಟಿಗೂ ನಿಜವಾಗಿ ತಕ್ಕಡಿ ಬೇಕಾ? ನನಗೆ ನಂಬಿಕೆ ಇಲ್ಲ. "ಯುಎಸ್ ಅಂತ ಬಂದ್ರೆ ತಗೋಬೇಡ" ಅನ್ನೋದಕ್ಕೆ ತಕ್ಕಡಿ ಎಂತಕ್ಕೆ, ಒಂದು ಸಾಲು ಬೈಟ್ ಸಾಕು. ಒಂದು ಮಧ್ಯಾಹ್ನ ಕೂತು ತಕ್ಕಡಿ ಮೇಲೆ ಚೀಲ ಇಡಿ, ತೆಗೀರಿ, ಅಲ್ಲಾಡಿಸಿ, ಓವರ್‌ಲೋಡ್ ಮಾಡಿ. ಕೇಬಲ್ಲಲ್ಲಿ ಬಂದಿದ್ದನ್ನೆಲ್ಲ ಹಾಗೇ ಫೈಲಿಗೆ ಬರೆದಿಟ್ಕೊಳ್ಳಿ. ಅದನ್ನೇ ಪಾರ್ಸರಿಗೆ (ಸಾಲು ಓದಿ ತೂಕ ತೆಗೆಯೋ ಕೋಡಿಗೆ) ಕೊಟ್ಟು ಟೆಸ್ಟ್ ಮಾಡಿ. ಆ ಟೆಸ್ಟ್ ಮ್ಯಾಕಲ್ಲೂ ಓಡುತ್ತೆ, ಗಿಟ್‌ಹಬ್ಬಲ್ಲೂ ಓಡುತ್ತೆ, ಯಾವ ಷರತ್ತೂ ಬೇಡ. ಪೋರ್ಟೇ ಬೇಕು ಅಂದ್ರೆ ಲಿನಕ್ಸಲ್ಲಿ ಸೋಕ್ಯಾಟ್ ಅನ್ನೋ ಟೂಲ್ ಒಂದಕ್ಕೊಂದು ಸೇರಿದ ನಕಲಿ ಜೋಡಿ ಪೋರ್ಟ್ ಮಾಡಿಕೊಡುತ್ತೆ, ವಿಂಡೋಸಲ್ಲಿ ಕಾಮ್‌ಝೀರೋಕಾಮ್ ಇದೆ. ಒಂದು ತುದಿಯಲ್ಲಿ ನಿಮ್ಮ ಫೈಲ್ ಬರೆಯುತ್ತೆ, ಇನ್ನೊಂದು ತುದಿಯಲ್ಲಿ ಪ್ರೋಗ್ರಾಂ ಓದುತ್ತೆ. ತಕ್ಕಡಿ ಇಲ್ಲ ಅಂತ ಅದಕ್ಕೆ ಗೊತ್ತೇ ಆಗಲ್ಲ.

ಇಷ್ಟು ಮಾಡಿದ ಮೇಲೂ ಉಳಿಯುತ್ತಲ್ಲ, ನಿಜವಾಗಿ ಕಬ್ಬಿಣದ ತಕ್ಕಡಿಯೇ ಬೇಕಾದ ನಾಲ್ಕೈದು ಟೆಸ್ಟ್, ಅವಕ್ಕೆ ಮಾತ್ರ ಷರತ್ತು. ಅವಕ್ಕೆ ಒಂದು ಜಾಗ ಗೊತ್ತುಮಾಡಿ. ಆ ಜಾಗದಲ್ಲಿ ಸ್ಕಿಪ್ ಆದ್ರೆ ಫೇಲ್. ಬೇರೆ ಕಡೆ ಇಲ್ಲ ಅಂದ್ರೆ ಇಲ್ಲ, ಸರಿ. ಮೂಲೆ ಪಿಸಿ ಇರೋದೇ ತಕ್ಕಡಿಗೆ. ಅಲ್ಲೂ ಇಲ್ಲ ಅಂದ್ರೆ ಅದು ಸ್ಕಿಪ್ ಅಲ್ಲ ಮಾರಾಯ್ರೆ, ಅದು ಸುಳ್ಳು.

ಮಾಡೋದು ಸುಲಭ. ಎಲ್ಲಾ ಟೆಸ್ಟಿಗೂ ಅನ್ವಯಿಸೋ ಕಾನ್ಫ್‌ಟೆಸ್ಟ್ ಫೈಲಲ್ಲಿ ಒಂದು ಸಣ್ಣ ಫಂಕ್ಷನ್ ಬರೀರಿ: ಯಾವುದು ಇಲ್ಲ, ಎಂತಕ್ಕೆ ಬೇಕು ಅಂತ ತಗೊಳ್ಳುತ್ತೆ. ಆ ಹೆಸರು "ಕಡ್ಡಾಯ" ಅನ್ನೋ ವೇರಿಯಬಲ್ಲಿನ ಪಟ್ಟಿಯಲ್ಲಿ ಇದ್ರೆ ಪೈಟೆಸ್ಟ್ ಫೇಲ್ ಕರೆಯುತ್ತೆ, ಇಲ್ಲದಿದ್ರೆ ಪೈಟೆಸ್ಟ್ ಸ್ಕಿಪ್. ನೇರ ಸ್ಕಿಪ್ ಕರೆಯೋದನ್ನ ಟೀಮಲ್ಲಿ ನಿಲ್ಲಿಸಿ. ಮತ್ತೆ ಪೈಟೆಸ್ಟಿಗೆ ಹೈಫನ್ ಹಾಕಿ ಆರ್‌ಎಸ್ ಅಂತ ಕೊಡಿ, ಸ್ಕಿಪ್ ಆದದ್ದೆಲ್ಲ ಕಾರಣದ ಸಮೇತ ಕೆಳಗೆ ಬರುತ್ತೆ. ಇವತ್ತೇ ಕೊಟ್ಟು ನೋಡಿ.

ಹಳೇ_ಪರ್ಲ್ (ಸಾಗರ), 14:47

ಈ ಹಸಿರು ಸ್ಕಿಪ್ಪಿನ ಬೇರು ಬಹಳ ಹಳೇದು ಸ್ವಾಮಿ. ಪರ್ಲ್ ಭಾಷೆಯ ಮೊದಲ ಆವೃತ್ತಿ ಬಂದದ್ದು 1987ರಲ್ಲಿ, ಅದರ ಟೆಸ್ಟ್ ಫೈಲುಗಳು ಓಕೆ 1, ಓಕೆ 2 ಅಂತ ಸಾಲು ಸಾಲಾಗಿ ಬರೆಯುತ್ತಿದ್ದವು. ಅದೇ ಮುಂದೆ ಟ್ಯಾಪ್ ಅನ್ನುವ ಪ್ರೋಟೋಕಾಲ್ (ಟೆಸ್ಟಿನ ಫಲಿತಾಂಶ ಬರೆಯುವ ಒಪ್ಪಿತ ರೀತಿ) ಆಯ್ತು. ಅದರಲ್ಲಿ ಸ್ಕಿಪ್ ಆದ ಟೆಸ್ಟಿನ ಸಾಲೂ ಓಕೆ ಅಂತಲೇ ಶುರುವಾಗುತ್ತೆ. ಕೊನೆಯಲ್ಲಿ ಹ್ಯಾಶ್ ಚಿಹ್ನೆ (#) ಹಾಕಿ ಸ್ಕಿಪ್ ಅಂತ ಕಾರಣ ಬರೆಯುತ್ತೆ. ಎಣಿಸುವ ಯಂತ್ರಕ್ಕೆ ಅದು ಪಾಸ್.

ಅದಕ್ಕೊಂದು ಕಾರಣವೂ ಇತ್ತು. ಪರ್ಲ್ ಮಾಡ್ಯೂಲ್ ಇನ್‌ಸ್ಟಾಲ್ ಮಾಡುವಾಗ ಟೆಸ್ಟ್ ಓಡುವುದು ಬಳಸುವವನ ಕಂಪ್ಯೂಟರಿನಲ್ಲಿ. ಅವನ ಬಳಿ ಡೇಟಾಬೇಸ್ ಇಲ್ಲ ಎಂದು ಇನ್‌ಸ್ಟಾಲೇ ನಿಂತರೆ ಹೇಗೆ? ಹಾಗಾಗಿ ಬರೆದವರಿಗೆ ಮಾತ್ರ ಬೇಕಾದ ಟೆಸ್ಟುಗಳನ್ನು ಆಥರ್ ಟೆಸ್ಟಿಂಗ್, ರಿಲೀಸ್ ಟೆಸ್ಟಿಂಗ್ ಎಂಬ ವೇರಿಯಬಲ್‌ಗಳ ಹಿಂದೆ ಇಡುವ ರೂಢಿ ಬಂತು. ಯಾರ ಮನೆಯಲ್ಲಿ ಏನು ಓಡಬೇಕು ಎನ್ನುವುದಕ್ಕೆ ಹೆಸರು ಕೊಟ್ಟಿದ್ದರು. ನಿಮ್ಮಲ್ಲಿ ಬಳಸುವವನೂ ನೀವೇ, ಬರೆದವನೂ ನೀವೇ. ಆ ಔದಾರ್ಯ ನಿಮಗೆ ಬೇಡ. ಕೊಪ್ಪದವರು ಹೇಳಿದ್ದು ಸರಿ.

ಸೊರಬದ_ಹುಡುಗ, 16:10

ಅಕ್ಕಾ, ನಾನಿನ್ನೂ ಕಾಲೇಜಲ್ಲಿದ್ದೀನಿ, ದಡ್ಡ ಪ್ರಶ್ನೆ ಆದ್ರೆ ಕ್ಷಮಿಸಿ. ನಮ್ಮ ಪ್ರಾಜೆಕ್ಟಲ್ಲಿ ಎರಡು ಸ್ಕಿಪ್ ಹಾಕಿದ್ದೀನಿ. ಒಂದು, "ರಶೀದಿಯ ದಿನಾಂಕ ಇವತ್ತಿನದೇ ಇರಬೇಕು" ಅನ್ನೋ ಟೆಸ್ಟ್ ಬೆಳಗಿನ ಜಾವ ಓಡಿಸಿದ್ರೆ ಫೇಲ್ ಆಗುತ್ತೆ, ಹಗಲು ಪಾಸ್. ಅದಕ್ಕೆ ಐದೂವರೆ ಒಳಗೆ ಸ್ಕಿಪ್ ಅಂತ ಹಾಕಿದೆ. ಇನ್ನೊಂದು ನಮ್ಮಣ್ಣನ ಹಳೇ ಮ್ಯಾಕಲ್ಲಿ ಮಾತ್ರ ಫೇಲ್. ತಾಲ್ಲೂಕಿಗೊಂದು ಫೈಲ್ ಇದೆ, ಫೈಲಿನ ಹೆಸರು ಕನ್ನಡದಲ್ಲಿ. ಪಟ್ಟಿಯಲ್ಲಿ ಏಳು ತಾಲ್ಲೂಕೂ ಇವೆ, ಆದ್ರೆ ಫೈಲ್ ಹೆಸರಿಗೆ ಹೋಲಿಸಿದಾಗ ಸಾಗರ, ಭದ್ರಾವತಿ, ಶಿಕಾರಿಪುರ ಮಾತ್ರ ಸಿಗುತ್ತೆ. ಶಿವಮೊಗ್ಗ, ಸೊರಬ, ಹೊಸನಗರ, ತೀರ್ಥಹಳ್ಳಿ ಇಲ್ಲ ಅನ್ನುತ್ತೆ. ಮ್ಯಾಕ್ ಆದ್ರೆ ಸ್ಕಿಪ್ ಅಂತ ಹಾಕಿದೆ. ಇದು ಸರಿನಾ?

ಹೊಳೆದಡ, 16:22

ಮೊದಲನೆಯದು ನಾನು ದಿನಾ ನೋಡೋದು, ಐದಕ್ಕೇ ಏಳ್ತೀನಿ. ನಮ್ಮ ಗಡಿಯಾರ ಯುಟಿಸಿಗಿಂತ (ಪ್ರಪಂಚಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯ) ಐದೂವರೆ ಗಂಟೆ ಮುಂದೆ. ರಾತ್ರಿ ಹನ್ನೆರಡರಿಂದ ಬೆಳಗ್ಗೆ 5:30ರವರೆಗೆ ನಮಗೆ ಇವತ್ತು, ಯುಟಿಸಿಗೆ ಇನ್ನೂ ನಿನ್ನೆ. ನಿನ್ನ ಕೋಡಲ್ಲಿ ಒಂದು ಕಡೆ ಲೋಕಲ್ ಟೈಮ್, ಇನ್ನೊಂದು ಕಡೆ ಯುಟಿಸಿ ಇದೆ. ಸ್ಕಿಪ್ ಹಾಕಿದ್ರೆ ಸೂರ್ಯ ಹುಟ್ಟೋದನ್ನ ಕಾಯ್ತಿದ್ದೀಯ ಅಷ್ಟೇ. ಟೆಸ್ಟಲ್ಲಿ ಗಡಿಯಾರವನ್ನ ಬೇಕಂತಲೇ ಬೆಳಗಿನ 4:50ಕ್ಕೆ ನಿಲ್ಲಿಸಿ ಓಡಿಸು.

ಕೊಪ್ಪದಕ್ಕ, 16:51

ದಡ್ಡ ಪ್ರಶ್ನೆ ಅಲ್ಲ ತಮ್ಮಾ. ಎರಡನೆಯದು ನಮ್ಮ ಲಿಪಿಯ ವಿಷಯ, ಬೇರೆ ಭಾಷೆಯವರಿಗೆ ಬೇಗ ಹೊಳೆಯಲ್ಲ.

ನಿನಗೆ ಸಿಗದ ನಾಲ್ಕು ಹೆಸರು ನೋಡು. ಮೊ, ಸೊ, ಹೊ, ತೀ. ಯೂನಿಕೋಡಲ್ಲಿ (ಎಲ್ಲಾ ಲಿಪಿಯ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡೋ ಪದ್ಧತಿ) ಈ ಒತ್ವ, ದೀರ್ಘಗಳನ್ನ ಎರಡು ರೀತಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಇಲ್ಲಾ ಬಿಡಿಸಿ ಎರಡು ಚಿಹ್ನೆಯಾಗಿ. ಕಣ್ಣಿಗೆ ಒಂದೇ. ಶಿವಮೊಗ್ಗ ಅನ್ನೋದು ಜೋಡಿಸಿ ಬರೆದ್ರೆ ಎಂಟು ಕೋಡ್ ಪಾಯಿಂಟ್ (ಅಂಥ ಸಂಖ್ಯೆ), ಬಿಡಿಸಿದ್ರೆ ಒಂಬತ್ತು. ಸಾಗರದಲ್ಲಿ ಬಿಡಿಸೋಕೆ ಎಂತದೂ ಇಲ್ಲ, ಅದಕ್ಕೆ ಅದು ಸಿಕ್ತು. ಆಪಲ್‌ನವರ ಹಳೇ ಎಚ್‌ಎಫ್‌ಎಸ್ ಪ್ಲಸ್ ಅನ್ನೋ ಡಿಸ್ಕ್ ವ್ಯವಸ್ಥೆ ಫೈಲ್ ಹೆಸರನ್ನ ಬಿಡಿಸಿ ಇಡ್ತಿತ್ತು. 2017ರಲ್ಲಿ ಮ್ಯಾಕಿಗೆ ಎಪಿಎಫ್‌ಎಸ್ ಬಂದಮೇಲೆ ಕೊಟ್ಟ ಹೆಸರನ್ನ ಕೊಟ್ಟ ಹಾಗೇ ಇಡುತ್ತೆ. ನಿಮ್ಮಣ್ಣನದು ಹಳೇದು ಅಂದ್ಯಲ್ಲ, ಅದೇ ಇರಬೇಕು.

ಇದು ಮ್ಯಾಕಿನ ತೊಂದರೆ ಅಂತ ಸ್ಕಿಪ್ ಹಾಕಿದ್ರೆ, ನಾಳೆ ಯಾರೋ ಬಿಡಿಸಿದ ರೂಪದಲ್ಲಿ ಹೆಸರು ಪೇಸ್ಟ್ ಮಾಡಿದಾಗ ಲಿನಕ್ಸಲ್ಲೂ "ಹೊಸನಗರ ಇಲ್ಲ" ಅನ್ನುತ್ತೆ. ಹೋಲಿಸೋ ಮೊದಲು ಎರಡನ್ನೂ ಎನ್‌ಎಫ್‌ಸಿ, ಅಂದ್ರೆ ಜೋಡಿಸಿದ ರೂಪಕ್ಕೆ ತಂದುಬಿಡು, ಪೈಥಾನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್ ಜೊತೆಗೇ ಬರುತ್ತೆ. ಬಿಡಿಸಿದ ಶಿವಮೊಗ್ಗವನ್ನ ಟೆಸ್ಟಿನೊಳಗೆ ಕೈಯಾರೆ ಬರೆದಿಡು, ಎಲ್ಲಾ ಕಡೆ ಓಡುತ್ತೆ. ಎರಡು ಸ್ಕಿಪ್ಪನ್ನೂ ಇವತ್ತೇ ಕಿತ್ತು ಹಾಕು.

ಸೊರಬದ_ಹುಡುಗ, 17:03

ಆಯ್ತು ಅಕ್ಕಾ. ಮ್ಯಾಕಿಗೆ ಕನ್ನಡ ಬರಲ್ಲ ಅಂತ ಅಣ್ಣನ ಹತ್ರ ಜಗಳ ಆಡಿದ್ದೆ, ಈಗ ಕ್ಷಮೆ ಕೇಳ್ಬೇಕು.

ಆಗುಂಬೆ_ಮಳೆ, 19:40

ಕಡ್ಡಾಯ ಅನ್ನೋ ಐಡಿಯಾಗೆ ನಂದೊಂದು ತಕರಾರು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಗತಿ ಗೊತ್ತಲ್ಲ. ಮೂಲೆ ಪಿಸಿ ಯುಪಿಎಸ್ ಮೇಲೆ ಇರುತ್ತೆ, ತಕ್ಕಡಿ ಇರಲ್ಲ. ರಾತ್ರಿ ಕರೆಂಟ್ ಹೋದ್ರೆ ಬೆಳಗ್ಗೆ ಎಲ್ಲಾ ಕೆಂಪು. ವಾರದಲ್ಲಿ ನಾಲ್ಕು ದಿನ ಸುಮ್ಮಸುಮ್ಮನೆ ಕೆಂಪಾದ್ರೆ ಐದನೇ ದಿನ ನಿಜವಾದ ಕೆಂಪನ್ನೂ ಯಾರೂ ನೋಡಲ್ಲ. ಹಸಿರಿಗೆ ಕಣ್ಣು ಒಗ್ಗಿದ ಹಾಗೇ ಕೆಂಪಿಗೂ ಒಗ್ಗುತ್ತೆ.

ನಾವು ಗೋನಲ್ಲಿ ಇಂಥ ಟೆಸ್ಟ್ ಫೈಲಿಗೆ ಇಂಟಿಗ್ರೇಶನ್ ಅಂತ ಬಿಲ್ಡ್ ಟ್ಯಾಗ್ (ಆ ಹೆಸರು ಕೊಟ್ಟಾಗ ಮಾತ್ರ ಫೈಲ್ ಸೇರಿಸೋ ಗುರುತು) ಹಾಕಿ ಬೇರೆ ಇಡ್ತೀವಿ. ಬೇಕಾದಾಗ ಓಡಿಸ್ತೀವಿ.

ಕೊಪ್ಪದಕ್ಕ, 20:15

ಬೇಕಾದಾಗ ಅಂದ್ರೆ ಯಾವಾಗ? ಕೊನೇ ಸಲ ಯಾವತ್ತು ಓಡಿಸಿದ್ರಿ?

ಆಗುಂಬೆ_ಮಳೆ, 20:44

ನೋಡಿದೆ. ಓಡಿಸಿ ಬಹಳ ದಿನ ಆಗಿದೆ. ಈಗ ಓಡಿಸಿದ್ರೆ ಕಂಪೈಲೇ ಆಗ್ತಿಲ್ಲ. ಟ್ಯಾಗ್ ಕೊಡದೆ ಇದ್ರೆ ಕಂಪೈಲರ್ ಆ ಫೈಲ್ ಕಡೆ ತಿರುಗಿಯೂ ನೋಡಲ್ವಲ್ಲ, ನಾವು ಫಂಕ್ಷನ್ ಹೆಸರು ಬದಲಾಯಿಸಿದ್ದು ಅದಕ್ಕೆ ಗೊತ್ತೇ ಇಲ್ಲ. ಟ್ಯಾಗ್ ಕೊಟ್ಟು ಗೋ ವೆಟ್ (ಓಡಿಸದೇ ಕೋಡ್ ಪರಿಶೀಲಿಸೋ ಆಜ್ಞೆ) ಆದ್ರೂ ದಿನಾ ಓಡಿಸ್ಬೇಕು ಅಂತ ಈಗಷ್ಟೇ ಹಾಕ್ದೆ.

ಆದ್ರೂ ಕರೆಂಟ್ ವಿಷಯದಲ್ಲಿ ನನ್ನ ಮಾತು ನನ್ನದೇ.

ಕೊಪ್ಪದಕ್ಕ, 20:52

ಅದು ಒಪ್ಪಿದೆ. ಪ್ರತಿ ಪುಶ್‌ಗೂ ಕಡ್ಡಾಯ ಮಾಡೋದು ಬೇಡ. ಮಂಡಿಗೆ ಹೊಸ ಆವೃತ್ತಿ ಕಳಿಸೋ ದಿನ ಕಡ್ಡಾಯ. ಆವತ್ತು ಕರೆಂಟ್ ಇಲ್ಲ ಅಂದ್ರೆ ಆವತ್ತು ಕಳಿಸೋದೂ ಬೇಡ.

ರಾಶಿ_ಇಡಿ, ಎರಡನೇ ಮಂಗಳವಾರ, ಸಂಜೆ 6:30

ತಡ ಆಯ್ತು, ಕ್ಷಮಿಸಿ. ಮಾಡಿದ್ದು ಹೇಳ್ತೀನಿ.

ಅಕ್ಕ ಹೇಳಿದ ಹಾಗೆ ಒಂದು ಮಧ್ಯಾಹ್ನ ಪೂರ್ತಿ ತಕ್ಕಡಿ ಮುಂದೆ ಕೂತ್ವಿ. ಅಡಿಕೆ ಚೀಲ ಆಫೀಸಲ್ಲಿ ಎಲ್ಲಿಂದ ಬರಬೇಕು, ಪಕ್ಕದ ಅಂಗಡಿಯಿಂದ ಎರಡು ಅಕ್ಕಿ ಮೂಟೆ ತಂದ್ವಿ. ಇಟ್ಟಿದ್ದು, ಎತ್ತಿದ್ದು, ಒಬ್ಬ ಮೂಟೆ ಮೇಲೆ ಕೈ ಊರಿ ನಿಂತಿದ್ದು, ಎಲ್ಲದರ ಬೈಟ್ ಫೈಲಲ್ಲಿದೆ. 18ರಲ್ಲಿ 14ಕ್ಕೆ ತಕ್ಕಡಿ ಬೇಕಾಗೇ ಇರಲಿಲ್ಲ. ಅವು ಈಗ ಎಲ್ಲಾ ಕಡೆ ಓಡ್ತಿವೆ. "ಅಲ್ಲಾಡುವಾಗಿನ ತೂಕ" ಟೆಸ್ಟ್ ಮೊದಲ ಸಲ ಕೆಂಪಾಗಿದ್ದು ನನ್ನ ಉಬುಂಟು ಲ್ಯಾಪ್‌ಟಾಪಲ್ಲಿ. ಅಷ್ಟು ಖುಷಿಯಿಂದ ನಾನು ಯಾವತ್ತೂ ಕೆಂಪು ನೋಡಿರಲಿಲ್ಲ.

ಉಳಿದ ನಾಲ್ಕಕ್ಕೆ ತಕ್ಕಡಿ ಕಡ್ಡಾಯ ಅಂತ ಮೂಲೆ ಪಿಸಿಯಲ್ಲಿ ಹಾಕಿದ್ವಿ, ರಿಲೀಸ್ ದಿನ ಮಾತ್ರ. ಇಲ್ಲಿ ಇನ್ನೊಂದು ಸಿಕ್ಕಿಬಿತ್ತು. ಪೋರ್ಟ್ ತೆರೆಯುತ್ತೆ ಅಂದಮಾತ್ರಕ್ಕೆ ತಕ್ಕಡಿ ಇದೆ ಅಂತಲ್ಲ. ನಮ್ಮದು ಯುಎಸ್‌ಬಿ ಕನ್ವರ್ಟರ್, ತಕ್ಕಡಿಯ ಸ್ವಿಚ್ಚೇ ಹಾಕದಿದ್ರೂ ಪೋರ್ಟ್ ಆರಾಮಾಗಿ ತೆರೆದುಕೊಳ್ಳುತ್ತೆ. ಈಗ ಪೋರ್ಟ್ ತೆರೆದು ಎರಡು ಸೆಕೆಂಡ್ ಕಾಯ್ತೀವಿ, ಅಷ್ಟರಲ್ಲಿ ಒಂದು ಪೂರ್ತಿ ಸಾಲು ಬಂದ್ರೆ ಮಾತ್ರ ತಕ್ಕಡಿ ಇದೆ ಅಂತ ಲೆಕ್ಕ. ಬರಲಿಲ್ಲ ಅಂದ್ರೆ "ಕನ್ವರ್ಟರ್ ಇದೆ, ತಕ್ಕಡಿ ಮಾತಾಡ್ತಿಲ್ಲ" ಅಂತ ಕಾರಣ ಬರುತ್ತೆ. ಆಗುಂಬೆಯವರ ಕರೆಂಟ್ ತಕರಾರಿಗೂ ಇದರಿಂದ ಅರ್ಧ ಉತ್ತರ ಸಿಕ್ತು, ಕೆಂಪಾದ್ರೂ ಯಾಕೆ ಅಂತ ಒಂದೇ ಸಾಲಲ್ಲಿ ಗೊತ್ತಾಗುತ್ತೆ.

ಸಿಐ=ಫಾಲ್ಸ್ ಸಾಲು ಅಳಿಸಿದೆ. ಅಳಿಸೋ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದು ಗೋಡೆಗೆ ಅಂಟಿಸಿದ್ದಾರೆ ನಮ್ಮವರು. ನನ್ನ ಕುರ್ಚಿ ಎದುರಿಗೇ.

ಇವತ್ತಿನ ಲೆಕ್ಕ: ಗಿಟ್‌ಹಬ್ಬಲ್ಲಿ 228 ಪಾಸ್, 5 ಸ್ಕಿಪ್. ಮೂಲೆ ಪಿಸಿಯಲ್ಲಿ 232 ಪಾಸ್, 1 ಸ್ಕಿಪ್.

ಕೊಪ್ಪದಕ್ಕ, 18:47

ಆ ಒಂದು ಯಾವುದು?

ರಾಶಿ_ಇಡಿ, 18:50

ಪ್ರಿಂಟರ್‌ದು ಅಕ್ಕ. ಅದನ್ನ ಇನ್ನೂ ಕಡ್ಡಾಯದ ಪಟ್ಟಿಗೆ ಸೇರಿಸಿಲ್ಲ. ಕಾರಣ "ಪೇಪರ್ ರೋಲ್ ಖಾಲಿ" ಅಂತ ಸರಿಯಾಗೇ ಬರ್ತಿದೆ.

ಕೊಪ್ಪದಕ್ಕ, 18:52

ಎಷ್ಟು ದಿನದಿಂದ ಖಾಲಿ?

ರಾಶಿ_ಇಡಿ, 19:20

ಅಂಗಡಿ ಮುಚ್ಚೋ ಮೊದಲು ಹೋಗಿ ತಂದೆ. 233.